ಬೇಳೆ ಚೀಲ ಮತ್ತು ಆರು ತಿಂಗಳು

ಬೀದರಿನ ನಮ್ಮ ಕ್ರೈಸ್ತ ಸಭೆಯ ಹೆಣ್ಣುಮಕ್ಕಳು ಅಡುಗೆಗೆ ಅಕ್ಕಿ ತೆಗೆಯುವಾಗ ಒಂದು ಹಿಡಿ ಬೇರೆ ಡಬ್ಬಿಗೆ ಹಾಕಿಡುತ್ತೇವೆ. ಭಾನುವಾರ ಅದೇ ಕಾಣಿಕೆ. ಆ ಅಕ್ಕಿಯಿಂದ ಬಂದ ದುಡ್ಡಿನಲ್ಲಿ ಮೊದಲು ಕ್ರಿಸ್ಮಸ್‌ಗೆ ಕಂಬಳಿ ಹಂಚುತ್ತಿದ್ದೆವು. ಒಂದೇ ದಿನದ ಕೆಲಸ, ಫೋಟೊನೂ ಚೆಂದ ಬರುತ್ತಿತ್ತು. ಈಗ ಅದು ಟಿಬಿ ರೋಗಿಗಳ ಊಟಕ್ಕೆ ಹೋಗುತ್ತದೆ. ಇದಕ್ಕೆ ಗುಳಿಗೆ ಮುಗಿಯುವ ತನಕ, ಕಡಿಮೆ ಅಂದರೂ ಆರು ತಿಂಗಳು ಬೆನ್ನು ಹತ್ತಬೇಕು.

ಉಣ್ಣಲು ಇಲ್ಲದವನಿಗೆ ಹೊಟ್ಟೆ ತುಂಬಿಸಿಕೋ ಅಂತ ಬರೀ ಬಾಯಿಮಾತಿನಲ್ಲಿ ಹೇಳಿ ಕಳಿಸಿದರೆ ಏನು ಬಂತು ಅಂತ ಯಾಕೋಬನ ಪತ್ರಿಕೆಯ 2ನೇ ಅಧ್ಯಾಯ ಕೇಳುತ್ತದೆ. ಟಿಬಿ ಗುಳಿಗೆ ಸರ್ಕಾರಿ ಆಸ್ಪತ್ರೆಯಲ್ಲಿ ಪುಕ್ಕಟೆ ಸಿಗುತ್ತದೆ, ಆದರೆ ಸರಿಯಾಗಿ ಉಣ್ಣದ ಮೈ ಅದನ್ನು ತಾಳಿಕೊಳ್ಳುವುದು ಕಷ್ಟ. 2022ರಲ್ಲಿ ಶುರುವಾದ ಸರ್ಕಾರದ ನಿಕ್ಷಯ್ ಮಿತ್ರ ಯೋಜನೆಯಲ್ಲಿ ಯಾರು ಬೇಕಾದರೂ ರೋಗಿಯ ಊಟದ ಹೊಣೆ ಹೊರಬಹುದು. ರೋಗಿ ಒಪ್ಪಬೇಕು, ಅಷ್ಟೇ. ನಮ್ಮ ಚೀಲದಲ್ಲಿ ತೊಗರಿಬೇಳೆ, ಹೆಸರು, ಶೇಂಗಾ, ಬೆಲ್ಲ, ಎಣ್ಣೆ, ತತ್ತಿ ಇರುತ್ತವೆ. ತತ್ತಿ ತಿನ್ನದ ಮನೆಗೆ ಶೇಂಗಾ ಜಾಸ್ತಿ. ಚೀಲದ ಮೇಲೆ ಸಭೆಯ ಹೆಸರು ಹಾಕುವುದಿಲ್ಲ, ಓಣಿಯವರು ಯಾಕೆ ಏನು ಅಂತ ವಿಚಾರಿಸಲು ಶುರು ಮಾಡುತ್ತಾರೆ. ಮದುವೆಗಿರುವ ಹುಡುಗಿ ಇರುವ ಮನೆಯಾದರೆ ಕತ್ತಲಾದ ಮೇಲೆ ಹೋಗುತ್ತೇವೆ.

ರೋಗಿಯ ಊಟಕ್ಕೆ ಅಂತ ಸರ್ಕಾರವೂ ತಿಂಗಳಿಗೆ 500 ರೂಪಾಯಿ ಕೊಡುತ್ತಿತ್ತು, 2024ರ ನವೆಂಬರಿನಿಂದ 1000 ಆಗಿದೆ. ಖಾತೆಗೆ ಆಧಾರ್ ಜೋಡಣೆ ಆಗದೆ ಅದು ನಿಂತಿದ್ದರೆ ಅವರ ಜೊತೆ ಬ್ಯಾಂಕಿಗೆ ಹೋಗಿ ಸಾಲಿನಲ್ಲಿ ನಿಲ್ಲುವುದೂ ನನ್ನ ಲೆಕ್ಕದಲ್ಲಿ ಸೇವೆಯೇ.

ಮೊದಲ ವಾರವೇ ಹೆದರಿಕೆ. ಒಬ್ಬ ಹುಡುಗ ಬಾಗಿಲಲ್ಲೇ ತಡೆದು, "ಅಕ್ಕೋರೆ, ಉಚ್ಚೇದಾಗ ರಕ್ತ ಹೊಂಟದ ನೋಡ್ರಿ, ಗುಳಿಗಿ ಬಿಡ್ತೀನಿ" ಅಂದ. "ರಕ್ತ ಅಲ್ಲ ತಮ್ಮಾ, ಗುಳಿಗಿ ಬಣ್ಣ ಅದು" ಅಂದೆ. ಟಿಬಿ ಗುಳಿಗೆಯಲ್ಲಿರುವ ರಿಫಾಂಪಿಸಿನ್ ಅನ್ನುವ ಔಷಧ ಮಾಡುವ ಕೆಲಸ ಅದು. ಕಣ್ಣೀರು, ಬೆವರಿಗೂ ಆ ಕೆಂಪು ಛಾಯೆ ಬರುತ್ತದೆ. ಕಣ್ಣು ಹಳದಿಯಾದರೆ ಮಾತ್ರ ತಡ ಮಾಡದೆ ಡಾಕ್ಟರ ಹತ್ತಿರ ಓಡಬೇಕು. ಇದನ್ನು ಈಗ ಮೊದಲ ಭೇಟಿಯಲ್ಲೇ ಹೇಳಿಬಿಡುತ್ತೇನೆ.

ಸುವಾರ್ತೆ ಹೇಳದೆ ಬರೀ ಬೇಳೆ ಕೊಟ್ಟು ಬರುತ್ತೀರಾ ಅಂತ ಸಭೆಯಲ್ಲೇ ಕೆಲವರಿಗೆ ಅಸಮಾಧಾನ. ಅವರಾಗಿ ಕೇಳಿದರೆ ಪ್ರಾರ್ಥನೆ ಮಾಡುತ್ತೇವೆ, ಕೇಳದಿದ್ದರೆ ಇಲ್ಲ. ಹಸಿದವನಿಗೆ ಬೇಡ ಅನ್ನುವ ಧೈರ್ಯ ಇರುವುದಿಲ್ಲ. ಅಂಥವನ ಆಮೆನ್ ನನಗೆ ಬೇಡ.

ಕಷ್ಟ ಬರುವುದು ಎರಡು ತಿಂಗಳಾದ ಮೇಲೆ. ಕೆಮ್ಮು ನಿಂತು ಮೈ ತುಂಬಿದ ಕೂಡಲೇ ಹೈದರಾಬಾದಿಗೆ ಕಟ್ಟಡದ ಕೆಲಸಕ್ಕೆ ಹೊರಡುತ್ತಾರೆ. ಹೋಗಬೇಡಿ ಅನ್ನಲು ನಾವು ಯಾರು, ಮನೆ ನಡೆಯಬೇಕಲ್ಲ. ಹೊರಡುವ ಮೊದಲು ಆಶಾ ಕಾರ್ಯಕರ್ತೆಗೆ ತಿಳಿಸಿ, ಸರ್ಕಾರದ ಟಿಬಿ ದಾಖಲೆಯಲ್ಲಿ ರೋಗಿಗೆ ಕೊಟ್ಟಿರುವ ನಿಕ್ಷಯ್ ನಂಬರ್ ಚೀಟಿಯಲ್ಲಿ ಬರೆಸಿಕೊಂಡರೆ ಅಲ್ಲಿಯ ಸರ್ಕಾರಿ ಆಸ್ಪತ್ರೆಯಲ್ಲೂ ಗುಳಿಗೆ ಸಿಗುತ್ತದೆ. ಆ ಚೀಟಿಯನ್ನು ನಾನು ಗಂಡಸಿನ ಕೈಗೆ ಕೊಡುವುದಿಲ್ಲ, ಹೆಂಡತಿಗೋ ತಾಯಿಗೋ ಕೊಡುತ್ತೇನೆ.