ಸಹೋದ್ಯೋಗಿಗಳಿಗಾಗಿ ಕೊಡಗಿನಲ್ಲಿ ಎರಡು ದಿನಗಳ ಸಾಹಸ ಶಿಬಿರ: ಏರ್ಪಡಿಸುವ ಬಗೆ

ಕಚೇರಿಯ ಇಪ್ಪತ್ತು ಮೂವತ್ತು ಜನರನ್ನು ಕರೆದುಕೊಂಡು ಎರಡು ದಿನ ಕೊಡಗಿಗೆ ಬರುವವರು ಮಾಡುವ ಮೊದಲ ತಪ್ಪು ಅವರ ಕಾರ್ಯಕ್ರಮ ಪಟ್ಟಿಯಲ್ಲೇ ಇರುತ್ತದೆ. ಬೆಳಿಗ್ಗೆ ದುಬಾರೆ, ಮಧ್ಯಾಹ್ನ ಅಬ್ಬಿ ಜಲಪಾತ, ಸಂಜೆ ರಾಜಾಸೀಟು, ಮರುದಿನ ಮುಂಜಾನೆ ಮಾಂದಲಪಟ್ಟಿ, ಅಲ್ಲಿಂದ ತಲಕಾವೇರಿ ಎಂದು ತುಂಬಿಸಿದ ಪಟ್ಟಿಯನ್ನು ಹಿಡಿದು ಹೊರಟರೆ ಹೆಚ್ಚು ಹೊತ್ತು ಕಳೆಯುವುದು ಬಸ್ಸಿನ ಸೀಟಿನಲ್ಲಿ. ಒಬ್ಬರೊಡನೊಬ್ಬರು ಮಾತನಾಡುವಷ್ಟು ಬಿಡುವೂ ಸಿಗುವುದಿಲ್ಲ. ಮಡಿಕೇರಿಯಲ್ಲಿದ್ದುಕೊಂಡು ಇಂತಹ ಹಲವು ತಂಡಗಳ ಜೊತೆ ಬೆಟ್ಟ ಹತ್ತಿದ ಅನುಭವದಿಂದ ನಾನು ಎಲ್ಲರಿಗೂ ಹೇಳುವುದು ಒಂದೇ: ದಿನಕ್ಕೆ ಒಂದೇ ದೊಡ್ಡ ಕೆಲಸವನ್ನು ಇಟ್ಟುಕೊಳ್ಳಿ, ಮತ್ತು ಅದನ್ನು ತಂಡದಲ್ಲಿ ಎಲ್ಲರಿಗಿಂತ ನಿಧಾನವಾಗಿ ನಡೆಯುವವರನ್ನು ಕಣ್ಣ ಮುಂದೆ ಇಟ್ಟುಕೊಂಡು ಆರಿಸಿಕೊಳ್ಳಿ.

ತಾರೀಖು ಗೊತ್ತುಮಾಡುವ ಮೊದಲು ಜನರನ್ನು ತಿಳಿದುಕೊಳ್ಳಬೇಕು. ಮಂಡಿನೋವು, ಆಸ್ತಮಾ, ರಕ್ತದೊತ್ತಡ, ಸಕ್ಕರೆ ಕಾಯಿಲೆ, ಗರ್ಭಿಣಿಯಾಗಿರುವುದು, ಈಜು ಬಾರದಿರುವುದು, ನೀರಿನ ಅಥವಾ ಎತ್ತರದ ಭಯ, ಇವನ್ನೆಲ್ಲ ಕೇಳುವ ಒಂದು ಪುಟದ ಪ್ರಶ್ನಾವಳಿಯನ್ನು ಪ್ರತಿಯೊಬ್ಬರಿಗೂ ಕೊಟ್ಟು, ಉತ್ತರಗಳನ್ನು ಒಬ್ಬರು ಮಾತ್ರ ಗುಟ್ಟಾಗಿ ಓದುವಂತೆ ಏರ್ಪಾಡು ಮಾಡಿ. ಒಮ್ಮೆ ನಾನು ಜೊತೆಗಿದ್ದ ತಂಡದಲ್ಲಿ ಲೆಕ್ಕಪತ್ರ ವಿಭಾಗದ ಹಿರಿಯರೊಬ್ಬರು, ಮೇಲಧಿಕಾರಿ ಏನೆಂದುಕೊಳ್ಳುತ್ತಾರೋ ಎಂಬ ಸಂಕೋಚದಿಂದ ಮಂಡಿನೋವನ್ನು ಮುಚ್ಚಿಟ್ಟು ಬೆಟ್ಟ ಹತ್ತಿದರು. ಇಳಿಯುವಾಗ ಕಾಲು ಮಡಚಲಾಗದೆ ನಾಲ್ವರು ಅವರನ್ನು ಹೆಗಲು ಕೊಟ್ಟು ಕೆಳಗಿಳಿಸುವಷ್ಟರಲ್ಲಿ ಕತ್ತಲಾಗಿತ್ತು. ಮೊದಲೇ ಕೇಳದೆ ಹೋದದ್ದು ನನ್ನ ತಪ್ಪು ಎಂದು ಇಂದಿಗೂ ಅನಿಸುತ್ತದೆ. ಬರಲು ಮನಸ್ಸಿಲ್ಲದವರನ್ನು ಒತ್ತಾಯಿಸಬೇಡಿ. ವಾರದ ರಜೆಯನ್ನೇ ಕಸಿದುಕೊಂಡಂತೆ ಆಗದಿರಲು ಶುಕ್ರವಾರ ಮತ್ತು ಶನಿವಾರಗಳನ್ನು ಆರಿಸಿಕೊಂಡು ಭಾನುವಾರವನ್ನು ಅವರ ಮನೆಯವರಿಗೆ ಬಿಟ್ಟುಕೊಟ್ಟರೆ ಜನರು ಬೇರೆಯದೇ ಉತ್ಸಾಹದಿಂದ ಬರುತ್ತಾರೆ. ಶುಕ್ರವಾರ ರಸ್ತೆಗಳೂ ಖಾಲಿ ಇರುತ್ತವೆ.

ಕಾಲವನ್ನು ನೋಡಿ ಚಟುವಟಿಕೆಯನ್ನು ಆರಿಸಬೇಕೇ ಹೊರತು ಚಟುವಟಿಕೆಗಾಗಿ ಕಾಲವನ್ನು ಬಗ್ಗಿಸಲಾಗದು. ಬೆಟ್ಟ ಹತ್ತಲು ಅಕ್ಟೋಬರ್ ಕೊನೆಯಿಂದ ಜನವರಿಯವರೆಗಿನ ದಿನಗಳು ಉತ್ತಮ. ಬೇಸಿಗೆ ಕಾಲಿಟ್ಟ ಮೇಲೆ ಕಾಡ್ಗಿಚ್ಚಿನ ಭಯದಿಂದ ಅರಣ್ಯ ಇಲಾಖೆ ಚಾರಣದ ಹಾದಿಗಳನ್ನು ಮುಚ್ಚುವುದುಂಟು. ದಕ್ಷಿಣ ಕೊಡಗಿನ ಬರಪೊಳೆ ನದಿಯಲ್ಲಿ ರಾಫ್ಟಿಂಗ್, ಅಂದರೆ ಗಾಳಿ ತುಂಬಿದ ದೋಣಿಯ ಸವಾರಿ, ನಡೆಯುವುದು ಮಳೆಗಾಲದ ನೀರಿದ್ದಾಗ ಮಾತ್ರ. ಆದರೆ ಇಲ್ಲಿನ ಮಳೆಗಾಲವನ್ನು ಹಗುರವಾಗಿ ಕಾಣಬಾರದು. 2018ರ ಆಗಸ್ಟ್‌ನಲ್ಲಿ ಮಡಿಕೇರಿಯ ಸುತ್ತಲಿನ ಬೆಟ್ಟಗಳು ಕುಸಿದು ಊರುಗಳೇ ಕೊಚ್ಚಿಹೋದವು. 2019ರಲ್ಲಿ ವಿರಾಜಪೇಟೆ ಬಳಿಯ ತೋರದಲ್ಲಿ, 2020ರಲ್ಲಿ ತಲಕಾವೇರಿಯಲ್ಲಿ ಗುಡ್ಡ ಜರಿದು ಜನ ಪ್ರಾಣ ಕಳೆದುಕೊಂಡರು. ಆದ್ದರಿಂದ ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಬರುವವರು ಹೊರಡುವ ಹಿಂದಿನ ದಿನ ಹವಾಮಾನ ಇಲಾಖೆಯ ಮುನ್ಸೂಚನೆಯನ್ನೂ ಜಿಲ್ಲಾಡಳಿತದ ಆದೇಶಗಳನ್ನೂ ನೋಡಿ, ರೆಡ್ ಅಲರ್ಟ್ ಇದ್ದರೆ ಪ್ರವಾಸವನ್ನು ಮುಂದೂಡಬೇಕು. ಮುಂಗಡ ಹಣ ಹಿಂದಿರುಗಿಸುವ ಷರತ್ತನ್ನು ಹೋಂಸ್ಟೇಯವರಿಂದ ಮೊದಲೇ ಬರವಣಿಗೆಯಲ್ಲಿ ಪಡೆದುಕೊಳ್ಳುವುದು ಇದಕ್ಕಾಗಿಯೇ. ಮಳೆ ಹಿಡಿದುಕೊಂಡ ಮಧ್ಯಾಹ್ನಕ್ಕೆಂದು ಮಡಿಕೇರಿಯ ಜನರಲ್ ತಿಮ್ಮಯ್ಯ ವಸ್ತುಸಂಗ್ರಹಾಲಯವನ್ನು ಕೈಯಲ್ಲಿಟ್ಟುಕೊಳ್ಳಿ. ಭಾರತೀಯ ಸೇನೆಯ ಮುಖ್ಯಸ್ಥರಾಗಿದ್ದ ತಿಮ್ಮಯ್ಯನವರು ಬಾಲ್ಯ ಕಳೆದ ಸನ್ನಿಸೈಡ್ ಮನೆಯೇ ಈಗ ಸಂಗ್ರಹಾಲಯವಾಗಿದೆ.

ಕೊಡಗಿಗೆ ರೈಲು ಇಲ್ಲ. ಬೆಂಗಳೂರಿನಿಂದ ಮೈಸೂರು, ಹುಣಸೂರು, ಪಿರಿಯಾಪಟ್ಟಣ, ಕುಶಾಲನಗರದ ಮೂಲಕ ಮಡಿಕೇರಿಗೆ ಸುಮಾರು 260 ಕಿಲೋಮೀಟರ್. ನಡುವೆ ತಿಂಡಿಗೆ ನಿಂತರೆ ಆರು ಗಂಟೆ ಬೇಕು. ಕುಶಾಲನಗರ ದಾಟಿದ ಮೇಲಿನ ತಿರುವುಗಳಲ್ಲಿ ಕೆಲವರಿಗೆ ವಾಂತಿಯಾಗುವುದರಿಂದ ಅಂತಹವರನ್ನು ಮುಂದಿನ ಸೀಟುಗಳಲ್ಲಿ ಕೂರಿಸಿ. ಐವತ್ತು ಸೀಟಿನ ಬಸ್ಸು ತೋಟದ ರಸ್ತೆಗಳಿಗೆ ಇಳಿಯುವುದಿಲ್ಲ. ಎರಡು ಟೆಂಪೋ ಟ್ರಾವೆಲರ್‌ಗಳಲ್ಲಿ ಬರುವುದು, ಇಲ್ಲವೇ ಮುಖ್ಯರಸ್ತೆಯಿಂದ ಒಳಗೆ ಹೋಗಲು ಸ್ಥಳೀಯ ಜೀಪುಗಳನ್ನು ಗೊತ್ತುಮಾಡಿಕೊಳ್ಳುವುದು ಲೇಸು. ಪ್ರವಾಸೋದ್ಯಮ ಇಲಾಖೆಯಲ್ಲಿ ನೋಂದಣಿಯಾದ ಹೋಂಸ್ಟೇಯನ್ನೇ ಆರಿಸಿ, ಮಹಿಳೆಯರಿಗೆ ಪ್ರತ್ಯೇಕ ಕೋಣೆ ಮತ್ತು ಶೌಚಾಲಯ ಇದೆಯೇ, ಕರೆಂಟು ಹೋದರೆ ಜನರೇಟರ್ ಇದೆಯೇ, ಯಾವ ಕಂಪನಿಯ ಸಿಮ್ ಅಲ್ಲಿ ಸಿಗ್ನಲ್ ಹಿಡಿಯುತ್ತದೆ ಎಂದು ಕೇಳಿ ತಿಳಿದುಕೊಳ್ಳಿ.

ಮೊದಲ ದಿನದ ದೊಡ್ಡ ಕೆಲಸಕ್ಕೆ ನಾನು ಸೂಚಿಸುವುದು ತಡಿಯಂಡಮೋಳ್ ಬೆಟ್ಟ. ಹಿಂದಿನ ಸಂಜೆಯೇ ಕಕ್ಕಬ್ಬೆಯ ಕಡೆಗೆ ಬಂದು ತಂಗಿದರೆ ಬೆಳಿಗ್ಗೆ ಆರೂವರೆಗೆ ನಡಿಗೆ ಆರಂಭಿಸಬಹುದು. 1,748 ಮೀಟರ್ ಎತ್ತರದ ಈ ಶಿಖರ ಕೊಡಗಿನಲ್ಲೇ ಎತ್ತರದ್ದು. ಕೊಡಗಿನ ಅರಸ ದೊಡ್ಡವೀರರಾಜೇಂದ್ರ ಕಟ್ಟಿಸಿದ ನಾಲ್ಕುನಾಡು ಅರಮನೆಯ ಬಳಿಯಿಂದ ಹೊರಡುವ ಹಾದಿ ಮೊದಲು ಕಾಫಿ ತೋಟಗಳ ನಡುವೆ, ಆಮೇಲೆ ಹುಲ್ಲುಗಾವಲಿನಲ್ಲಿ, ನಂತರ ಶೋಲಾ ಎಂಬ ದಟ್ಟ ಬೆಟ್ಟಗಾಡಿನ ನೆರಳಿನಲ್ಲಿ ಏರುತ್ತದೆ. ಕೊನೆಯ ಏರು ಮಾತ್ರ ಏದುಸಿರು ಬಿಡಿಸುವಂಥದ್ದು. ಪ್ರವೇಶಕ್ಕೆ ಅರಣ್ಯ ಇಲಾಖೆಯ ಅನುಮತಿ ಬೇಕು. ದಿನಕ್ಕೆ ಇಂತಿಷ್ಟೇ ಜನ ಎಂಬ ಮಿತಿ ಇರುವುದರಿಂದ ಆನ್‌ಲೈನ್‌ನಲ್ಲಿ ಮುಂಚಿತವಾಗಿ ಟಿಕೆಟ್ ಪಡೆಯಿರಿ. ಪುಷ್ಪಗಿರಿಯ ಹೆಸರು ಕೇಳಿ ಅಲ್ಲಿಗೇ ಹೋಗೋಣ ಎನ್ನುವವರು ಪ್ರತಿ ತಂಡದಲ್ಲೂ ಇರುತ್ತಾರೆ. ಅದು ಅಭ್ಯಾಸವಿದ್ದವರ ಬೆಟ್ಟ. ಕುರ್ಚಿಯಲ್ಲಿ ಕುಳಿತು ಕೆಲಸ ಮಾಡುವ ಇಪ್ಪತ್ತೈದು ಜನರನ್ನು ಒಟ್ಟಿಗೆ ಅಲ್ಲಿಗೆ ಒಯ್ಯಬಾರದು.

ನಡಿಗೆಯ ಶಿಸ್ತನ್ನು ಹೊರಡುವ ಮೊದಲೇ ಎಲ್ಲರಿಗೂ ತಿಳಿಸಬೇಕು. ಹಾದಿ ಬಲ್ಲ ಸ್ಥಳೀಯ ಮಾರ್ಗದರ್ಶಿ ಎಲ್ಲರಿಗಿಂತ ಮುಂದೆ, ತಂಡದ ಒಬ್ಬ ತಾಳ್ಮೆಯ ವ್ಯಕ್ತಿ ಎಲ್ಲರಿಗಿಂತ ಹಿಂದೆ. ಇವರಿಬ್ಬರನ್ನು ಯಾರೂ ದಾಟುವಂತಿಲ್ಲ. ಪ್ರತಿಯೊಬ್ಬರಿಗೂ ಒಂದು ಸಂಖ್ಯೆ ಕೊಟ್ಟು, ನಿಂತ ಕಡೆಯಲ್ಲೆಲ್ಲ ಒಂದರಿಂದ ಕೂಗಿಸಿ ಎಣಿಸಿ. ಹನ್ನೆರಡು ಗಂಟೆಗೆ ಎಲ್ಲಿದ್ದರೂ ಹಿಂತಿರುಗುವುದು ಎಂದು ಮೊದಲೇ ಒಪ್ಪಿಕೊಳ್ಳಿ, ಏಕೆಂದರೆ ಮಧ್ಯಾಹ್ನದ ಮೇಲೆ ಮಂಜು ಕವಿದರೆ ಹತ್ತು ಹೆಜ್ಜೆ ಮುಂದಿನ ಹಾದಿಯೂ ಕಾಣದು, ಗುಡುಗಿನ ಕಾಲದಲ್ಲಿ ಬಯಲು ಬೆಟ್ಟದ ನೆತ್ತಿ ಸಿಡಿಲಿಗೆ ತೆರೆದ ಜಾಗ. ತಲಾ ಎರಡು ಲೀಟರ್ ನೀರು, ಒ.ಆರ್.ಎಸ್., ಹಿಡಿತವಿರುವ ಶೂ ಬೇಕೇ ಬೇಕು. ನೆನೆದ ಜೀನ್ಸ್ ಪ್ಯಾಂಟು ಕಾಲಿಗೆ ಭಾರ. ಹೆಜ್ಜೇನಿನ ಗೂಡು ಇರುವ ಬಂಡೆಗಳ ಬಳಿ ಸುಗಂಧ ದ್ರವ್ಯ, ಹೊಗೆ, ಕಿರುಚಾಟ ಇವ್ಯಾವುದೂ ಸಲ್ಲದು.

ಮಳೆ ಬಿದ್ದ ನೆಲದಲ್ಲಿ ಜಿಗಣೆ ಹತ್ತಿಯೇ ಹತ್ತುತ್ತದೆ. ಹೊಸಬರು ಅದನ್ನು ನೋಡಿ ಕಿರುಚಿ ಓಡಿ ಜಾರಿ ಬೀಳುವುದೇ ಜಿಗಣೆಗಿಂತ ದೊಡ್ಡ ಅಪಾಯ. ದಟ್ಟ ನೆಯ್ಗೆಯ ಉದ್ದ ಕಾಲುಚೀಲದೊಳಗೆ ಪ್ಯಾಂಟನ್ನು ಸೇರಿಸಿ ಕಟ್ಟಿ, ಅದರ ಮೇಲೆ ಹೊಗೆಸೊಪ್ಪು ನೆನೆಸಿದ ನೀರನ್ನೋ ಉಪ್ಪುನೀರನ್ನೋ ಸವರಿ. ಕಚ್ಚಿಕೊಂಡಿದ್ದರೆ ಉಗುರನ್ನು ಚರ್ಮಕ್ಕೆ ಒತ್ತಿ ಹಿಡಿದು, ಜಿಗಣೆಯ ತೆಳ್ಳಗಿನ ತುದಿಯ ಕಡೆಯಿಂದ ಪಕ್ಕಕ್ಕೆ ಸರಿಸಿದರೆ ಬಾಯಿ ಬಿಡುತ್ತದೆ. ಅದರ ಜೊಲ್ಲಿನಲ್ಲಿ ರಕ್ತ ಹೆಪ್ಪುಗಟ್ಟದಂತೆ ಮಾಡುವ ಹಿರುಡಿನ್ ಎಂಬ ವಸ್ತು ಇರುವುದರಿಂದ ಬಹಳ ಹೊತ್ತು ರಕ್ತ ಒಸರುತ್ತಲೇ ಇರುತ್ತದೆ. ಗಾಬರಿಯಾಗದೆ ಸೋಪಿನಲ್ಲಿ ತೊಳೆದು ಹತ್ತಿ ಒತ್ತಿ ಪಟ್ಟಿ ಕಟ್ಟಿದರೆ ಸಾಕು.

ಮಳೆಗಾಲದಲ್ಲಿ ಬರುವ ತಂಡಕ್ಕೆ ಬೆಟ್ಟದ ಬದಲು ಬರಪೊಳೆಯ ರಾಫ್ಟಿಂಗ್ ಮುಖ್ಯ ಕೆಲಸವಾಗಲಿ. ಒಟ್ಟಾಗಿ ದುಡಿಯುವುದೆಂದರೇನು ಎಂಬುದನ್ನು ಇಷ್ಟು ಸ್ಪಷ್ಟವಾಗಿ ತೋರಿಸುವ ಇನ್ನೊಂದು ಆಟವನ್ನು ನಾನು ಕಂಡಿಲ್ಲ. ದೋಣಿಯಲ್ಲಿ ಗೈಡ್ ಒಬ್ಬನದೇ ಮಾತು. ಅವನು ‘ಫಾರ್ವರ್ಡ್’ ಎಂದಾಗ ವ್ಯವಸ್ಥಾಪಕರೂ ಹೊಸದಾಗಿ ಸೇರಿದ ಹುಡುಗಿಯೂ ಒಂದೇ ತಾಳದಲ್ಲಿ ಹುಟ್ಟು ಹಾಕಬೇಕು, ಒಬ್ಬರು ತಪ್ಪಿದರೂ ದೋಣಿ ಅಡ್ಡ ತಿರುಗುತ್ತದೆ. ನಡೆಸುವವರಿಗೆ ಪರವಾನಗಿ ಇದೆಯೇ, ಗೈಡ್‌ಗೆ ಪ್ರಥಮ ಚಿಕಿತ್ಸೆ ಗೊತ್ತೇ, ಎಸೆಯುವ ಹಗ್ಗದ ಚೀಲ ದೋಣಿಯಲ್ಲಿದೆಯೇ ಎಂದು ನೀವೇ ನೋಡಿ. ಲೈಫ್ ಜಾಕೆಟ್ ತೊಡಿಸಿದ ಮೇಲೆ ಹೆಗಲಿನ ಪಟ್ಟಿಗಳನ್ನು ಹಿಡಿದು ಮೇಲಕ್ಕೆ ಜಗ್ಗಿ. ಜಾಕೆಟ್ ಕಿವಿಯವರೆಗೆ ಏರಿದರೆ ಪಟ್ಟಿಗಳು ಸಡಿಲ ಎಂದೇ ಅರ್ಥ. ನೀರಿಗೆ ಬಿದ್ದವರು ಎದ್ದು ನಿಲ್ಲಲು ಯತ್ನಿಸಲೇಬಾರದು, ಏಕೆಂದರೆ ಕಾಲು ಬಂಡೆಗಳ ಸಂದಿಯಲ್ಲಿ ಸಿಕ್ಕಿಕೊಂಡರೆ ಹರಿವು ದೇಹವನ್ನು ಮುಳುಗಿಸುತ್ತದೆ. ಅಂಗಾತ ಮಲಗಿ, ಪಾದಗಳನ್ನು ನೀರು ಹರಿಯುವ ದಿಕ್ಕಿಗೆ ಮಾಡಿ, ಕಾಲ್ಬೆರಳುಗಳನ್ನು ನೀರಿನ ಮೇಲೆ ಇಟ್ಟುಕೊಂಡು ಹಗ್ಗಕ್ಕಾಗಿ ಕಾಯಬೇಕು. ಇದನ್ನು ದಡದಲ್ಲಿ ಹುಲ್ಲಿನ ಮೇಲೆ ಒಮ್ಮೆ ಮಲಗಿಸಿಯೇ ಅಭ್ಯಾಸ ಮಾಡಿಸಿ. ಕುಡಿದವರನ್ನು ದೋಣಿ ಹತ್ತಿಸಬೇಡಿ, ಜಲಪಾತಗಳ ಗುಂಡಿಗಳಲ್ಲಿ ಈಜಲು ಯಾರನ್ನೂ ಬಿಡಬೇಡಿ.

ಎರಡನೆಯ ದಿನ ತೋಟದಲ್ಲೇ ಕಳೆಯಲಿ. ನವೆಂಬರ್ ಕೊನೆಯಿಂದ ಅರೇಬಿಕಾ, ಹೊಸ ವರ್ಷದ ನಂತರ ರೋಬಸ್ಟಾ ಕುಯ್ಲು ನಡೆಯುತ್ತಿರುತ್ತದೆ. ತೋಟದ ಮಾಲೀಕರ ಒಪ್ಪಿಗೆ ಪಡೆದು, ಐದೈದು ಜನರ ಗುಂಪು ಮಾಡಿ, ಅರ್ಧ ಗಂಟೆ ಹಣ್ಣು ಕುಯ್ಯಿಸಿ ತೂಕ ಹಾಕಿಸಿ. ಕಾಯಿ ಕಿತ್ತವರಿಗೆ ಅಂಕ ಕಡಿಮೆ. ಹಣ್ಣಾದದ್ದನ್ನಷ್ಟೇ ನೋಡಿ ಕೊಂಬೆ ಮುರಿಯದೆ ಕುಯ್ಯುವುದು ಎಷ್ಟು ಕಷ್ಟದ ಕೆಲಸ ಎಂಬುದು ಕೈಗೆ ಗೊತ್ತಾದ ಮೇಲೆ, ದಿನವಿಡೀ ಅದನ್ನೇ ಮಾಡುವ ಕಾರ್ಮಿಕರ ಮುಂದೆ ತಂಡದವರ ಮಾತಿನ ದನಿಯೇ ಬದಲಾಗುವುದನ್ನು ನಾನು ಕಂಡಿದ್ದೇನೆ. ಮಳೆಗಾಲವಾದರೆ ಕೆಸರುಗದ್ದೆ ಓಟ, ಹಗ್ಗಜಗ್ಗಾಟ ಇವೆ. ಬಯಲಿದ್ದರೆ ಹಾಕಿ ಆಡಿಸಿ. 1997ರಲ್ಲಿ ಕರಡದಲ್ಲಿ ಆರಂಭವಾದ ಕೊಡವ ಕೌಟುಂಬಿಕ ಹಾಕಿ ಉತ್ಸವದಲ್ಲಿ ಒಂದೇ ಮನೆತನದ ಹಿರಿಯರು, ಹೆಣ್ಣುಮಕ್ಕಳು, ಹುಡುಗರು ಒಂದೇ ತಂಡದಲ್ಲಿ ಆಡುತ್ತಾರೆ ಎಂಬುದನ್ನು ಹೇಳಿ, ನೀವೂ ಹುದ್ದೆಗಳನ್ನು ಬೆರೆಸಿ ತಂಡ ಕಟ್ಟಿ. ಅಡುಗೆಮನೆಯಲ್ಲೂ ಒಂದು ಗುಂಪಿಗೆ ಕೆಲಸವಿರಲಿ: ಬೇಯಿಸಿದ ಅಕ್ಕಿತರಿ ಬಿಸಿ ಇರುವಾಗಲೇ ಕೈ ಒದ್ದೆ ಮಾಡಿಕೊಂಡು ಬಿರುಕಿಲ್ಲದಂತೆ ಉಂಡೆ ಕಟ್ಟಿದರೆ ಹಬೆಯಲ್ಲಿ ಕಡಂಬುಟ್ಟು ಸರಿಯಾಗಿ ಬರುತ್ತದೆ. ಪಂದಿಕರಿ (ಹಂದಿ ಮಾಂಸದ ಸಾರು) ತಿನ್ನದವರಿಗೆ ಬೈಂಬಳೆ (ಎಳೆ ಬಿದಿರು) ಅಥವಾ ಅಣಬೆಯ ಸಾರು ಮಾಡಲು ಮೊದಲೇ ಹೇಳಿರಿ.

ಕತ್ತಲಾದ ಮೇಲೆ ತೋಟದೊಳಗೆ ಅಡ್ಡಾಡಬಾರದು. ಕಾಫಿ ಗಿಡಗಳ ನಡುವೆ ನಿಂತ ಆನೆ ಹತ್ತು ಮಾರು ದೂರದಲ್ಲಿದ್ದರೂ ಕಾಣುವುದಿಲ್ಲ, ಮತ್ತು ಈ ಜಿಲ್ಲೆಯಲ್ಲಿ ಮುಂಜಾನೆ ಕೆಲಸಕ್ಕೆ ಹೊರಟವರು ಆನೆಗೆ ಸಿಕ್ಕಿ ಸತ್ತ ಸುದ್ದಿ ಮತ್ತೆ ಮತ್ತೆ ಬರುತ್ತದೆ. ಹಿಂಡು ಎಲ್ಲಿದೆ ಎಂದು ಪ್ರತಿ ಸಂಜೆ ಮನೆಯವರನ್ನು ಕೇಳಿ. ಬೆಂಕಿ ಹಾಕುವುದಿದ್ದರೆ ಅಂಗಳದಲ್ಲೇ ಹಾಕಿ, ಹತ್ತು ಗಂಟೆಗೆ ಧ್ವನಿವರ್ಧಕ ನಿಲ್ಲಿಸಿ. ದೇವರಕಾಡುಗಳಿಗೆ ಊರವರ ಅನುಮತಿಯಿಲ್ಲದೆ ಕಾಲಿಡಬೇಡಿ, ತೋಟದ ಕಾರ್ಮಿಕರು ವಾಸಿಸುವ ಸಾಲು ಮನೆಗಳಾದ ಲೈನ್ ಮನೆಗಳ ಮುಂದೆ ನಿಂತು ಅವರ ಮಕ್ಕಳ ಫೋಟೋ ತೆಗೆಯಬೇಡಿ.

ಹೊರಡುವ ಮೊದಲು ಅರ್ಧ ಗಂಟೆ ಎಲ್ಲರೂ ವೃತ್ತವಾಗಿ ನೆಲದ ಮೇಲೆ ಕುಳಿತು, ಈ ಎರಡು ದಿನಗಳಲ್ಲಿ ತಮಗೆ ಯಾರು ಯಾವ ಸಹಾಯ ಮಾಡಿದರು ಎಂಬುದನ್ನು ಹೆಸರು ಹಿಡಿದು ಹೇಳಲಿ. ಮೇಲಧಿಕಾರಿಯ ಸರದಿ ಕೊನೆಗೆ ಬರಲಿ, ಭಾಷಣ ಬೇಡ. ಅಪಘಾತವಾದರೆ 108 ಮತ್ತು 112ಕ್ಕೆ ಕರೆ ಮಾಡಬೇಕೆಂಬುದನ್ನೂ ಹತ್ತಿರದ ಆಸ್ಪತ್ರೆಯ ದಾರಿಯನ್ನೂ ಬರೆದ ಚೀಟಿ ಹಿಂತಿರುಗುವಾಗಲೂ ಚಾಲಕರ ಬಳಿ ಇರಲಿ. ಮಧ್ಯಾಹ್ನ ಎರಡಕ್ಕೆ ಹೊರಟರೆ ಬೆಳಕಿರುವಾಗಲೇ ಘಟ್ಟದ ತಿರುವುಗಳನ್ನು ದಾಟಿ ಕುಶಾಲನಗರ ಸೇರಬಹುದು. ಗಾಡಿ ಚಲಿಸುವ ಮುನ್ನ ಸಂಖ್ಯೆಗಳನ್ನು ಇನ್ನೊಮ್ಮೆ ಒಂದರಿಂದ ಕೂಗಿಸಿ.