ಹಳೇ ಟೊಯೋಟಾ ಪಿಕಪ್‌ಗೆ ವೆಬರ್ ಕೂರಿಸಿದ್ದು: ನನ್ನ ಅನುಭವ

ನನ್ನ ಪಿಕಪ್‌ನ 22ಆರ್ ಇಂಜಿನ್‌ಗೆ ಕಂಪನಿ ಕಾರ್ಬೊರೇಟರ್ (ಪೆಟ್ರೋಲನ್ನು ಗಾಳಿಯೊಂದಿಗೆ ಬೆರೆಸಿ ಇಂಜಿನ್‌ಗೆ ಕೊಡುವ ಭಾಗ) ತೆಗೆದು ವೆಬರ್ ಕಂಪನಿಯ 32/36 ಕಾರ್ಬೊರೇಟರ್ ಹಾಕುತ್ತೇನೆ ಅಂದಾಗ ಇಲ್ಲಿ ಅಮೆರಿಕದ ಒರೆಗಾನ್‌ನಲ್ಲಿ ಒಬ್ಬರೂ ಒಪ್ಪಲಿಲ್ಲ. ಓವರ್‌ಫ್ಲೋ ಆಗುತ್ತೆ, ಪೆಟ್ರೋಲ್ ಕುಡಿಯುತ್ತೆ ಅಂದರು. ನನ್ನ 1986ರ ಪಿಕಪ್ ಈಗ ಹಿಮ ಬಿದ್ದ ಬೆಳಗ್ಗೆಯೂ ತಕ್ಷಣ ಸ್ಟಾರ್ಟ್ ಆಗುತ್ತದೆ.

ಮೊದಲು ಬಿಚ್ಚಿ ರಿಪೇರಿ ಮಾಡಿದ (ರೀಬಿಲ್ಡ್) ಕಂಪನಿ ಕಾರ್ಬೊರೇಟರನ್ನೇ ತಂದೆ. ಸುಮಾರು 250 ಡಾಲರ್. ಗಾಳಿಯ ಬಾಗಿಲು ತಿರುಗಿಸುವ ಥ್ರಾಟಲ್ ಶಾಫ್ಟ್ ಸವೆದೇ ಇತ್ತು, ಅಲ್ಲಿಂದ ಏರ್ ಎಳೆಯುತ್ತಿತ್ತು. ಆಮೇಲೆ ನೂರು ಡಾಲರಿನ ನಕಲಿ ವೆಬರ್. ಅದರ ತಳವನ್ನು ಗಾಜಿನ ಮೇಲಿಟ್ಟರೆ ಒಂದು ಮೂಲೆಯಡಿ ಕಾಗದ ತೂರುತ್ತಿತ್ತು! ಕೊನೆಗೆ ಅಸಲಿ ಕಿಟ್‌ಗೆ 400ರ ಹತ್ತಿರ ಕೊಟ್ಟೆ. ಮೊದಲೆರಡಕ್ಕೆ ಸುರಿದ ದುಡ್ಡು ನೆನೆದರೆ ಈಗಲೂ ಹೊಟ್ಟೆ ಉರಿಯುತ್ತದೆ.

ಕಿಟ್‌ನಲ್ಲಿ ಕಾಡುವುದು ವೆಬರನ್ನು ಟೊಯೋಟಾ ಇಂಜಿನ್ನಿನ ಮೇಲೆ ಕೂರಿಸುವ ಅಡಾಪ್ಟರ್. ಎರಡು ಪ್ಲೇಟು. ಕೆಳಗಿನದರ ಸ್ಕ್ರೂಗಳು ಮೇಲಿನದರ ಅಡಿಯಲ್ಲಿ ಮುಚ್ಚಿಹೋಗುತ್ತವೆ. ಸಡಿಲವಾದರೆ ಎಲ್ಲ ಬಿಚ್ಚಬೇಕು. ಹಾಗಾಗಿ ಗಾಜಿನ ಮೇಲೆ ಎಮರಿ ಹಾಳೆ ಹಾಸಿ ಎರಡನ್ನೂ ಉಜ್ಜಿ ಮಟ್ಟ ಮಾಡಿದೆ, ಸ್ಕ್ರೂಗಳು ಸಡಿಲವಾಗದಂತೆ ಲಾಕ್‌ಟೈಟ್ ಅಂಟು ಹಾಕಿದೆ. ಗ್ಯಾಸ್ಕೆಟ್‌ಗೆ ಏನು ಸವರಿದೆ ಅನ್ನೋದು ನನ್ನ ಹತ್ತಿರವೇ ಇರಲಿ. ಇಂಜಿನ್ ಓಡುವಾಗ ಬುಡದ ಸುತ್ತ ಕಾರ್ಬ್ ಕ್ಲೀನರ್ ಹೊಡೆದೆ, ಆರ್‌ಪಿಎಂ ಒಂದಿಷ್ಟೂ ಅಲ್ಲಾಡಲಿಲ್ಲ, ಅಂದರೆ ಎಲ್ಲೂ ಏರ್ ಎಳೆಯುತ್ತಿಲ್ಲ.

ಪೆಟ್ರೋಲ್ ಪ್ರೆಷರ್ 3 ಪಿಎಸ್‌ಐ ಆಸುಪಾಸಿಗೆ ಇಳಿಸಿ, ರೆಗ್ಯುಲೇಟರ್ ಹಾಕಲೇಬೇಕು. ಹೆಚ್ಚಾದ ಪೆಟ್ರೋಲನ್ನು ಟ್ಯಾಂಕಿಗೆ ವಾಪಸ್ ಕಳಿಸುವ ಪಂಪಿನ ರಿಟರ್ನ್ ಪೈಪ್ ಮಾತ್ರ ಮುಚ್ಚಬೇಡಿ. ಮುಚ್ಚಿದರೆ ಪ್ರೆಷರ್ ಏರುತ್ತದೆ, ಕಾರ್ಬೊರೇಟರ್ ಒಳಗೆ ಪೆಟ್ರೋಲ್ ತಡೆಯುವ ನೀಡಲ್ ವಾಲ್ವ್ ತಡೆಯಲ್ಲ. ಓವರ್‌ಫ್ಲೋ ಅಂತ ವೆಬರನ್ನು ಬೈಯುವವರ ಗಾಡಿಯಲ್ಲಿ ಮೊದಲು ಇದನ್ನೇ ನೋಡುತ್ತೇನೆ.

ಬೇಸಿಗೆಯಲ್ಲಿ ಬಿಸಿ ಇಂಜಿನ್ ನಿಲ್ಲಿಸಿ ಕಾಲು ಗಂಟೆ ಬಿಟ್ಟರೆ ಮತ್ತೆ ಸ್ಟಾರ್ಟ್ ಆಗಲು ತಿಣುಕುತ್ತಿತ್ತು. ಬಿಸಿಗೆ ಪೆಟ್ರೋಲ್ ಆವಿಯಾಗದಿರಲಿ ಅಂತ ಇಲ್ಲಿನ ಹಳಬರು ಪೆಟ್ರೋಲ್ ಪೈಪಿಗೆ ಬಟ್ಟೆ ಒಣಹಾಕುವ ಮರದ ಕ್ಲಿಪ್ ಸಿಕ್ಕಿಸುತ್ತಾರೆ. ನಾನೂ ಸಾಲಾಗಿ ಸಿಕ್ಕಿಸಿ ನೋಡಿದೆ, ನಯಾಪೈಸೆ ಪ್ರಯೋಜನ ಆಗಲಿಲ್ಲ. ಎಕ್ಸಾಸ್ಟ್ ಕಡೆಗೆ ಅಲ್ಯೂಮಿನಿಯಂ ತಗಡು ಅಡ್ಡ ಹಾಕಿದ ಮೇಲೆ ಸರಿಹೋಯಿತು. ತಣ್ಣಗಿನ ಇಂಜಿನ್ ಸ್ಟಾರ್ಟ್ ಮಾಡಲು ನೆರವಾಗುವ ಎಲೆಕ್ಟ್ರಿಕ್ ಚೋಕ್‌ಗೆ ಕೀ ಆನ್ ಮಾಡಿದಾಗ ಮಾತ್ರ ಬರುವ 12 ವೋಲ್ಟ್ ಕೊಡಿ, ಸುಮ್ನೆ ಬ್ಯಾಟರಿಗೆ ಸಿಕ್ಕಿಸಬೇಡಿ.

ಜೆಟ್ (ಪೆಟ್ರೋಲ್ ಅಳತೆಯಲ್ಲಿ ಬಿಡುವ ಸಣ್ಣ ತೂತಿನ ಭಾಗ) ವಿಷಯ ಚಿಕ್ಕದು. ನಮ್ಮ ಬೆಂಡ್ ಊರು ಸುಮಾರು 3600 ಅಡಿ ಎತ್ತರದಲ್ಲಿದೆ, ಗಾಳಿ ತೆಳು. ಐಡಲ್‌ನಲ್ಲಿ ಮಿಶ್ರಣ ಹೊಂದಿಸುವ ಮಿಕ್ಸ್ಚರ್ ಸ್ಕ್ರೂ ಒಂದು ಸುತ್ತು ತೆರೆದರೇ ಪೆಟ್ರೋಲ್ ಜಾಸ್ತಿ ಆಗುತ್ತಿತ್ತು. ಪ್ರೈಮರಿ ಐಡಲ್ ಜೆಟ್ 60 ತೆಗೆದು ಅದಕ್ಕಿಂತ ಸಣ್ಣ ತೂತಿನ 55 ಹಾಕಿದೆ, ಸ್ಕ್ರೂ ಎರಡು ಸುತ್ತಿನ ಹತ್ತಿರ ಬಂದು ನಿಂತಿತು. ಗ್ಯಾಲನ್‌ಗೆ 18 ಮೈಲಿ ಕೊಡುತ್ತಿದ್ದ ಗಾಡಿ ಈಗ 22ರವರೆಗೆ ಕೊಡುತ್ತಿದೆ. ಕ್ಯಾಲಿಫೋರ್ನಿಯಾದವರು ಮಾತ್ರ ಸ್ಮಾಗ್ ಟೆಸ್ಟ್ (ಹೊಗೆ ತಪಾಸಣೆ) ನಿಯಮ ನೋಡಿಕೊಂಡೇ ಕಿಟ್ ಕೊಳ್ಳಿ.