ಹದಿಹರೆಯದ ಕಾದಂಬರಿಯಲ್ಲಿ ಶಿಕ್ಷೆ ಯಾರ ಪಾಲಿಗೆ?
ಹದಿಹರೆಯದ ಪ್ರೇಮದ ಕಾದಂಬರಿ ಕೈಗೆ ಬಂದರೆ ನಾನು ಮೊದಲು ತಿರುವಿ ಹಾಕುವುದು ಕೊನೆಯ ಅಧ್ಯಾಯವನ್ನು. ಗುಟ್ಟು ಒಡೆದರೆ ಒಡೆಯಲಿ. ಯಾರಿಗೆ ಏನಾಯಿತೆಂದು ಚೀಟಿಯಲ್ಲಿ ಬರೆದುಕೊಳ್ಳಿ. ಹುಡುಗಿಗೆ ಬಸಿರು, ಅವಮಾನ, ಸಾವು; ಹುಡುಗನಿಗೆ ಬೇರೆ ಊರಿನ ಕಾಲೇಜು ಎಂದಿದ್ದರೆ ಅದನ್ನು ಲೇಖಕರೇ ವಿಧಿಸಿದ ಶಿಕ್ಷೆಯೆಂದು ಓದಿ.

ಅಭ್ಯಾಸಕ್ಕೆ ಅಮೆರಿಕದ ಜೂಡಿ ಬ್ಲೂಮ್ ಅವರ ‘ಫಾರೆವರ್’ (1975) ಹೇಳಿ ಮಾಡಿಸಿದಂತಿದೆ. ದೈಹಿಕ ಸಂಬಂಧಕ್ಕೆ ಯಾರೂ ಸಾವಿನ ಬೆಲೆ ತೆರದ ಕಥೆ ಬೇಕೆಂದು ಬ್ಲೂಮ್ ಅವರ ಮಗಳು ಕೇಳಿದ್ದೇ ಅದರ ಮೂಲ. ನಾಯಕಿ ಕ್ಯಾಥರೀನ್ ಕ್ಲಿನಿಕ್‌ಗೆ ಹೋಗಿ ಗರ್ಭನಿರೋಧಕ ಪಡೆಯುತ್ತಾಳೆ. ಕೊನೆಗೆ ಪ್ರೀತಿ ಮುಗಿಯುತ್ತದೆ, ಅಷ್ಟೇ. ಆದರೆ ಸಿಬಿಲ್ ಎಂಬ ಉಪಪಾತ್ರವನ್ನು ಕಡೆಗಣಿಸಬೇಡಿ. ಅವಳು ಹೆತ್ತ ಮಗುವನ್ನು ದತ್ತು ಕೊಡುತ್ತಾಳೆ. ನಾಯಕಿಯ ತಲೆಯಿಂದ ಇಳಿದ ಹೊರೆ ಇವಳ ತಲೆಗೇರಿತೇ? ಏರಿತು ಎಂದೇ ನನ್ನ ಗುಮಾನಿ.

ಪಾಪಪ್ರಜ್ಞೆಯ ಸಾಲುಗಳಿಗೆ ಪೆನ್ಸಿಲ್ ಗುರುತು ಹಾಕಿ. ಅದು ಪಾತ್ರದ ಒಳಗಿನದೋ, ಮನೆಯವರು ತುಂಬಿದ್ದೋ ಎಂದು ಅಂಚಿನಲ್ಲಿ ಬರೆಯಿರಿ. ಒಪ್ಪಿಗೆ ಕೇಳುವ ಮಾತು ಎಲ್ಲಿಯೂ ಇಲ್ಲದಿದ್ದರೆ ಅದನ್ನೂ ಬರೆಯಿರಿ. ಮಕ್ಕಳೊಂದಿಗೆ ಚರ್ಚಿಸುವಾಗ ಪಾತ್ರಗಳ ಬಗ್ಗೆಯೇ ಕೇಳಿ. ಅವರ ಸ್ವಂತ ವಿಷಯ ಕೆದಕಬೇಡಿ.